ಮಿರಜದಲ್ಲಿ ಎಂಜಲು ಕೇಳಿದ್ದು

ಮಿರಜ ಸ್ಟೇಶನ್ನಿನ ಹೊರಗೆ

ಮೈಸೂರು ಬಿಡುವ ಮೊದಲೇ ಮರಾಠಿಯ ಕೆಲವು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಗಡಿ ದಾಟಿದ ಮೇಲೆ ನಮ್ಮ ಮಾತು ನಡೆಯುವುದಿಲ್ಲ, ಪರನಾಡು, ಹುಷಾರಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಮಿರಜದಲ್ಲಿ ರೈಲಿಳಿದು ಹೊರಗೆ ಬಂದವಳು ರಿಕ್ಷಾದವರೊಬ್ಬರ ಮುಂದೆ ಮೊದಲನೆಯ ವಾಕ್ಯವನ್ನು ಒಪ್ಪಿಸಿದೆ. ಅವರು ಕಿವಿಯನ್ನು ಸ್ವಲ್ಪ ಮುಂದಕ್ಕೆ ತಂದರು. ಇನ್ನೊಮ್ಮೆ ಒಪ್ಪಿಸಿದೆ.

"ಅಕ್ಕಾರ, ಕನ್ನಡದಾಗ ಹೇಳ್ರಿ, ತಿಳೀತೈತಿ" ಎಂದರು.

ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡು ಮರಾಠಿ, ಬೋರ್ಡಿನ ಕೆಳಗೆ ನಿಂತವರ ಚೌಕಾಸಿ ಅರ್ಧ ಕನ್ನಡ. "ಮನ್ಯಾಗ ಇದನ್ನ ಆಡೂದ್ರಿ, ಹೊರಗ ಮರಾಠಿ. ನಮ್ಮ ಹುಡುಗ್ರಿಗೆ ಕನ್ನಡ ತಿಳೀತೈತಿ, ಆಡಾಕ ಬರೂದಿಲ್ಲ. ಆದರ ನೀವು ಮಾತಾಡೂದು ಸಾಲಿ ಪುಸ್ತಕ ಓದಿಧಂಗ ಐತಿ ನೋಡ್ರಿ" ಎಂದು ಅವರು ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕರು. ನಾನೂ ನಕ್ಕೆ. ಆ ಪ್ರವಾಸದಲ್ಲಿ ನಾನು ನಿರಾಳವಾಗಿ ನಕ್ಕಿದ್ದು ಅಲ್ಲಿಗೇ ಮುಗಿಯಿತು.

ನಾನು ದಂತವೈದ್ಯೆ. ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಹಲ್ಲಿನ ಕೆಲವು ಕಾಯಿಲೆಗಳು ಮನೆತನದಲ್ಲಿ ತಲೆಯಿಂದ ತಲೆಗೆ ಹೇಗೆ ಇಳಿಯುತ್ತವೆ, ವಂಶವಾಹಿಯ ಯಾವ ಜಾಗದಲ್ಲಿ ತಪ್ಪು ಕೂತಿದೆ ಎಂದು ಹುಡುಕುವುದು ನನ್ನ ಸಂಶೋಧನೆ. ಹಲ್ಲಿನ ಮೇಲೆ ಗಟ್ಟಿಯಾದ ಬಿಳಿಯ ಕವಚವೊಂದಿರುತ್ತದಲ್ಲ, ಎನಾಮೆಲ್, ಕೆಲವರಿಗೆ ಹುಟ್ಟಿನಿಂದಲೇ ಅದು ಸರಿಯಾಗಿ ಕಟ್ಟಿಕೊಳ್ಳುವುದಿಲ್ಲ. ಹಲ್ಲು ಹಳದಿ, ಕಂದು ಬಣ್ಣಕ್ಕೆ ತಿರುಗುತ್ತದೆ, ಸುಣ್ಣದ ಗಾರೆಯಂತೆ ಉದುರುತ್ತದೆ. ಗಡಿಯ ಈಚೆಯ ಊರೊಂದರಲ್ಲಿ ನನ್ನ ಗೆಳತಿಯ ದವಾಖಾನೆಗೆ ಇಂಥ ಹಲ್ಲಿನ ಹುಡುಗಿಯೊಬ್ಬಳು ಬಂದಿದ್ದಳು. ಹೆಸರು ಅಶ್ವಿನಿ, ಮಿರಜದವಳು, ಕುಪವಾಡದ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ. ಅಪ್ಪನಿಗೂ ಹೀಗೇ, ಅಜ್ಜಿಗೂ ಹೀಗೇ ಇತ್ತು ಎಂದಿದ್ದಳಂತೆ. ಒಂದೇ ಮನೆಯಲ್ಲಿ ಮೂರು ತಲೆಮಾರು! ನನ್ನಂಥವಳಿಗೆ ಅದು ನಿಧಿ ಸಿಕ್ಕ ಹಾಗೆ. ಆ ಹಿಗ್ಗನ್ನು ಈಗ ನೆನೆದರೂ ಮುಜುಗರವಾಗುತ್ತದೆ.

ನಾನು ಅವರ ಮನೆಗೆ ಬರುವುದಕ್ಕೆ ಅಶ್ವಿನಿ ಫೋನಿನಲ್ಲಿ ಒಪ್ಪಿದಳು. ಒಂದೇ ಒಂದು ಮಾತು ಕೇಳಿದಳು: "ಮ್ಯಾಡಮ್, ಇದು ವಂಶದಾಗಿಂದ ಬರೂದು ಅನ್ನೂ ಮಾತು ನಮ್ಮ ಮನಿ ಹೊರಗ ಆಡಬ್ಯಾಡ್ರಿ. ನನ್ನ ಲಗ್ನ ಠರದೈತಿ. ಗಂಡಿನ ಕಡ್ಯಾವ್ರಿಗೆ ಹೇಳೂದು ನನ್ನ ಕಡೆ ಬಿಡ್ರಿ."

"ಗುಟ್ಟು ಕಾಯೋದು ನಮ್ಮ ವೃತ್ತಿಯ ಮೊದಲ ಪಾಠ ಕಣಮ್ಮ. ಆ ಪಾಠ ನಾನೇ ಹುಡುಗರಿಗೆ ಹೇಳಿಕೊಡ್ತೀನಿ" ಎಂದೆ.

ಆಯಿಯ ಮನೆ

ಅಶ್ವಿನಿಯ ಮನೆ ಮಿರಜದ ಹಳೆಯ ಓಣಿಯೊಂದರಲ್ಲಿ. ಕೆಳಗೆ ಅರಿಸಿನದ ಚೀಲಗಳು, ಬೀಸುವ ಯಂತ್ರ. ಮೇಲೆ ವಾಸ. ಅಪ್ಪ ಸಾಂಗ್ಲಿಯ ಪೇಟೆಯಿಂದ ಅರಿಸಿನದ ಕೊಂಬು ತಂದು ಪುಡಿ ಮಾಡಿ ಮಾರುತ್ತಾರೆ, ಅವರ ಅಪ್ಪನೂ ಅದನ್ನೇ ಮಾಡುತ್ತಿದ್ದರು. ಆ ಓಣಿಯಲ್ಲಿ ಅರಿಸಿನ ಗಾಳಿಯಲ್ಲೇ ಇರುತ್ತದೆ. ಮೆಟ್ಟಿಲು ಹತ್ತಿ ಮೇಲೆ ಹೋಗುವಷ್ಟರಲ್ಲಿ ನನ್ನ ಬಿಳಿಯ ದುಪಟ್ಟಾ ಬಿಳಿಯದಾಗಿ ಉಳಿದಿರಲಿಲ್ಲ.

ಅಶ್ವಿನಿ ನೋಡಲು ಲಕ್ಷಣವಾದ ಹುಡುಗಿ, ಉದ್ದ ಮೂಗು, ಚುರುಕು ಕಣ್ಣು. ನಗುವಾಗ ಮಾತ್ರ ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ಅವಳ ಅಜ್ಜಿಯನ್ನು ಮನೆಯವರೆಲ್ಲ ಆಯಿ ಎನ್ನುತ್ತಾರೆ. ಆಯಿ ನನ್ನ ಕೈ ಹಿಡಿದು ಚಾಪೆಯ ಮೇಲೆ ಕೂರಿಸಿಕೊಂಡರು. "ಕುಂದ್ರು ಯವ್ವಾ, ದೂರದಿಂದ ಬಂದಿ" ಎಂದರು. ಚಹಾ ಬಂತು. ಎಲ್ಲರ ಕೈಗೂ ಕಪ್ಪು ಹೋಯಿತು. ಆಗ ನನಗೆ ನನ್ನ ಕೆಲಸ ನೆನಪಾಯಿತು.

"ದಯವಿಟ್ಟು ಯಾರೂ ಕುಡೀಬೇಡಿ. ಪರೀಕ್ಷೆಗೆ ಜೊಲ್ಲಿನ ಮಾದರಿ ತಗೊಳ್ಳೋ ಮುಂಚೆ ಸ್ವಲ್ಪ ಹೊತ್ತು ಏನೂ ತಿನ್ನಬಾರದು, ಕುಡಿಯಬಾರದು" ಎಂದೆ.

ಎಲ್ಲರೂ ಕಪ್ಪು ಕೆಳಗಿಟ್ಟರು. "ನೀವು ಕುಡೀರಿ, ನಿಮ್ಮದೇನು ತಗೊಳ್ಳೂದಿಲ್ಲಲ್ಲ" ಎಂದರು ಅಶ್ವಿನಿಯ ತಂದೆ. ಅತಿಥಿ ಬಿಟ್ಟರೆ ಅವಮಾನ, ಆದ್ದರಿಂದ ಕುಡಿದೆ. ಮನೆಮಂದಿಯೆಲ್ಲ ಆರುತ್ತಿರುವ ಕಪ್ಪುಗಳ ಮುಂದೆ ಸುಮ್ಮನೆ ಕೂತು ನಾನು ಗುಟುಕರಿಸುವುದನ್ನು ನೋಡುತ್ತಿದ್ದರು. ಅಷ್ಟು ಸದ್ದು ಮಾಡಿ ಚಹಾ ಕುಡಿದ ನೆನಪು ನನಗೆ ಬೇರೆ ಇಲ್ಲ.

ಮುಂದಿನದು ಇನ್ನೂ ಕಷ್ಟ. ಮಾದರಿ ಹಿಡಿಯುವ ಪುಟ್ಟ ಕೊಳವೆಯನ್ನು ಕೈಗೆ ಕೊಟ್ಟು ಇದರಲ್ಲಿ ಉಗುಳಿ ಎಂದಾಗ ಆಯಿ ಮುಖ ತಿರುಗಿಸಿದರು. "ಬಂದವರ ಮುಂದ ಉಗುಳೂದೇನು? ಉಗುಳಿದ್ದನ್ನ ಕಟಗೊಂಡು ಮೈಸೂರಿಗೆ ಒಯ್ತೀಯೇನು ನೀ? ಎಂಜಲಾ?"

ನಮ್ಮ ಮನೆಯಲ್ಲೂ ಎಂಜಲೆಂದರೆ ಸಾಮಾನ್ಯವಲ್ಲ. ಲೋಟ ಎತ್ತಿ ಕುಡಿಯದಿದ್ದರೆ ನನ್ನ ಅಜ್ಜಿ ಆ ಲೋಟವನ್ನೇ ಬೇರೆಯಿಡುತ್ತಿದ್ದರು. ಅಂಥ ಮನೆಯವಳು ಇನ್ನೊಬ್ಬರ ಅಜ್ಜಿಯ ಎಂಜಲು ಬೇಡುತ್ತ ಚಾಪೆಯ ಮೇಲೆ ಕೂತಿದ್ದೆ. ಕೊನೆಗೆ ಅಶ್ವಿನಿ ಆಯಿಯನ್ನು ಹಿತ್ತಿಲಿಗೆ ಕರೆದೊಯ್ದು, ತಾನು ಬೆನ್ನು ತಿರುಗಿಸಿ ನಿಂತು, ಆಯಿಯ ಕೊಳವೆ ತುಂಬಿಸಿಕೊಂಡು ಬಂದಳು. ಅವಳ ತಂದೆಯದೂ ಹಾಗೆಯೇ ಹಿತ್ತಿಲಿನಲ್ಲೇ ಆಯಿತು.

"ನಮ್ಮದು ಅರಿಷಿಣದ ಮನಿತನ" ಎಂದರು ಆಯಿ, ವಾಪಸ್ ಬಂದು ಕೂತು. ಹಲ್ಲಿಲ್ಲದ ಬಾಯಿ ತೆರೆದು ತೋರಿಸಿದರು. "ಹುಟ್ಟಿದಾಗಿಂದ ಇದ ಧೂಳ ಕುಡೀತೇವಿ. ಹಲ್ಲು ಹಳದಿ ಆಗಲಾರದ ಏನ ಆಗತಾವ? ಇಡೀ ಮಿರಜಕ್ಕ ಗೊತ್ತೈತಿ ಇದು."

ನಾನು ಅಶ್ವಿನಿಯ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಎಂಥ ಮುಗ್ಧರು ಎಂದುಕೊಂಡೆ. ಅರಿಸಿನದ ಧೂಳು ಹಲ್ಲಿನ ಕವಚವನ್ನು ತಿನ್ನುವುದಿಲ್ಲ ಎಂದು ಇವರಿಗೆ ಯಾರಾದರೂ ಹೇಳಬಾರದಿತ್ತೆ ಎಂದು ಮನಸ್ಸಿನಲ್ಲೇ ಮರುಗಿದೆ. ನಿಜವಾಗಿ ಮುಗ್ಧಳು ಯಾರೆಂಬುದು ನನಗೆ ತಿಳಿಯಲು ಇನ್ನೂ ಸಮಯವಿತ್ತು.

ಸಾಂಗ್ಲಿವಾಡಿ

ಮರುದಿನ ಅಶ್ವಿನಿ ರಜೆ ಹಾಕಿ ನನ್ನನ್ನು ಸಾಂಗ್ಲಿವಾಡಿಗೆ ಕರೆದೊಯ್ದಳು. ಸಾಂಗ್ಲಿಯ ತನಕ ಬಸ್ಸು, ಅಲ್ಲಿಂದ ಕೃಷ್ಣೆಯ ಸೇತುವೆ ದಾಟಿದರೆ ಆಚೆ ದಡ. ಅವಳ ತಂದೆಯ ತಂಗಿ ಶಕು ಆತ್ಯಾ ಅಲ್ಲಿರುತ್ತಾರೆ. ಅವರಿಗೂ ಅದೇ ಹಲ್ಲು. ಸೇತುವೆಯ ಮೇಲೆ ಸೈಕಲ್ಲು, ಮೋಟಾರ್ ಸೈಕಲ್ಲು, ಮೇವು ಹೊತ್ತವರು, ಶಾಲೆಯ ಹುಡುಗಿಯರು ಎಲ್ಲ ಒಟ್ಟಿಗೆ ಹರಿಯುತ್ತಿದ್ದರು. ನಮ್ಮ ಕಾವೇರಿಯನ್ನು ಶ್ರೀರಂಗಪಟ್ಟಣದಲ್ಲಿ ನಾವು ಕೈಮುಗಿದು ದಾಟುತ್ತೇವೆ, ಇಲ್ಲಿನವರು ಕೃಷ್ಣೆಯನ್ನು ತಡವಾಯಿತೆಂದು ಗಡಿಯಾರ ನೋಡುತ್ತ ದಾಟುತ್ತಾರೆ. ಅಶ್ವಿನಿಗೆ ಇದನ್ನು ಹೇಳಿದೆ. "ದಿನಾ ದಾಟಾವ್ರಿಗೆ ನದಿ ಎಲ್ಲಿ ಕಾಣತೈತ್ರಿ ಮ್ಯಾಡಮ್" ಎಂದು ಕೈ ಅಡ್ಡ ಹಿಡಿದು ನಕ್ಕಳು.

ಶಕು ಆತ್ಯಾರ ಮನೆಯ ಕಟ್ಟೆಯ ಮೇಲೆ ಒಬ್ಬ ಹೆಂಗಸು ಕೂತಿದ್ದರು. ನಡುವಯಸ್ಸು, ಹಸಿರು ಸೀರೆ, ಮುಂದೆ ತಟ್ಟೆ ತುಂಬ ಭಡಂಗ. ಭಡಂಗವೆಂದರೆ ಬೆಳ್ಳುಳ್ಳಿ, ಶೇಂಗಾ, ಖಾರ ಹಾಕಿ ಹುರಿದ ಚುರುಮುರಿ. ಸಾಂಗ್ಲಿಗೆ ಬಂದವರು ತಿನ್ನದೆ ಹೋಗಬಾರದಂತೆ. "ಬರ್ರಿ ಬಾಯಿ, ತಿನ್ರಿ" ಎಂದು ತಟ್ಟೆಯನ್ನು ನನ್ನ ಕಡೆ ಸರಿಸಿದರು. ಆತ್ಯಾ ಮತ್ತು ಅಶ್ವಿನಿ ಕೊಳವೆ ಹಿಡಿದುಕೊಂಡು ಒಳಗೆ ಹೋದರು, ಆಯಿಯ ಹಾಗೆಯೇ ಮರೆಯಲ್ಲಿ ಉಗುಳಲು. ಕಟ್ಟೆಯ ಮೇಲೆ ನಾವಿಬ್ಬರೇ ಉಳಿದೆವು.

"ಡಾಕ್ಟರಬಾಯಿ, ಒಂದು ಕೇಳ್ತೇನಿ" ಎಂದರು ಆಕೆ. "ನಮ್ಮ ಅಶ್ವಿನಿ ಹಲ್ಲಿಗೆ ಅರಿಷಿಣದ ಧೂಳ ಹತ್ತೇತಿ ಅಂತಾರ. ಆ ಧೂಳಿನಾಗಿಂದ ಹೊರಗ ಬಂದಮ್ಯಾಲೆ ಬೆಳ್ಳಗ ಆಗತಾವೇನ್ರಿ?"

ನಮ್ಮ ಅಶ್ವಿನಿ ಎಂದರು. ನನಗೆ ಅಷ್ಟು ಸಾಕಾಯಿತು. ಮನೆಯವರೇ ಇರಬೇಕು, ಚಿಕ್ಕಮ್ಮನೋ ದೊಡ್ಡಮ್ಮನೋ ಎಂದುಕೊಂಡೆ. ನೀವು ಯಾರು ಎಂದು ಕೇಳಬಹುದಿತ್ತು. ಬಾಯಲ್ಲಿದ್ದ ಭಡಂಗ ನುಂಗಿ, ಹಿಂದಿನ ದಿನ ಆಯಿಯ ಮುಂದೆ ಆಡದೆ ತಡೆದುಕೊಂಡಿದ್ದ ಪಾಠವನ್ನೆಲ್ಲ ಹೊರಗೆ ಹಾಕಿದೆ.

"ಅಯ್ಯೋ, ಇದಕ್ಕೂ ಅರಿಸಿನಕ್ಕೂ ಸಂಬಂಧಾನೇ ಇಲ್ಲಮ್ಮ! ಇದು ರಕ್ತದಲ್ಲಿ ಬಂದಿರೋದು. ಅಜ್ಜಿಯಿಂದ ಮಗನಿಗೆ ಬಂತು, ಮಗಳಿಗೆ ಬಂತು, ಮೊಮ್ಮಗಳಿಗೆ ಬಂತು. ನಾಳೆ ಅಶ್ವಿನಿ ಮಕ್ಕಳಿಗೂ ಬರಬಹುದು. ಒಂದೊಂದು ಮಗುವಿಗೂ ನಾಣ್ಯ ಚಿಮ್ಮಿದ ಹಾಗೆ. ಈ ಕಡೆ ಬಿದ್ದರೆ ಬಂತು, ಆ ಕಡೆ ಬಿದ್ದರೆ ಇಲ್ಲ."

ನಾಣ್ಯದ ಹೋಲಿಕೆ ಎಷ್ಟು ಸರಳವಾಗಿದೆ ಎಂದು ನನಗೇ ಸಂತೋಷವಾಗಿತ್ತು. ಕೈಯಲ್ಲಿ ಚಿಮ್ಮಿಯೂ ತೋರಿಸಿದೆ.

ಆಕೆ ಅಂಗೈಯ ಭಡಂಗವನ್ನು ತಟ್ಟೆಗೆ ಹಾಕಿದರು. ಕೈ ಝಾಡಿಸಿಕೊಂಡರು. "ಹಂಗೇನು" ಎಂದರು. ನನ್ನ ಹಿಂದೆ ಯಾರನ್ನೋ ನೋಡುತ್ತಿದ್ದರು. ತಿರುಗಿದೆ. ಬಾಗಿಲಲ್ಲಿ ಅಶ್ವಿನಿ ನಿಂತಿದ್ದಳು, ಕೈಯಲ್ಲಿ ಆತ್ಯಾರ ಕೊಳವೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಬರ್ತೇನಿ ಶಕೂ" ಎಂದು ಒಳಕ್ಕೆ ಕೂಗಿ ಆಕೆ ಚಪ್ಪಲಿ ಮೆಟ್ಟಿ ಹೊರಟರು.

ಶಕು ಆತ್ಯಾ ಹೊರಗೆ ಬಂದು ನಮ್ಮಿಬ್ಬರ ಮುಖ ನೋಡಿದರು. "ಏನಾತು? ಸುಮನ ಮಾವಶಿ ಯಾಕ ಹ್ವಾದ್ರು?" ಎಂದು ಕೇಳಿದರು. ನಂತರ ನನ್ನ ಕಡೆ ತಿರುಗಿ, "ಇಕಿ ಅತ್ತಿ ಆಗಾವ್ರು ಅವರs. ಮುಂದಿನ ತಿಂಗಳ ಸಾಖರಪುಡಾ ಐತಿ" ಎಂದರು.

ನಿಶ್ಚಿತಾರ್ಥಕ್ಕೆ ಅಲ್ಲಿ ಸಾಖರಪುಡಾ ಎನ್ನುತ್ತಾರೆ. ಆ ಪದದ ಅರ್ಥವನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಸೇತುವೆಯ ಮೇಲೆ

ವಾಪಸ್ ಬರುವಾಗ ಅಶ್ವಿನಿ ಮುಂದೆ, ನಾನು ಹಿಂದೆ. ಜನ ಅದೇ ಅವಸರದಲ್ಲಿ ದಾಟುತ್ತಿದ್ದರು. ಸೇತುವೆಯ ಅರ್ಧದಲ್ಲಿ ಅವಳು ನಿಂತಳು. ಅಳುತ್ತಾಳೇನೋ ಎಂದು ಹೆದರಿದೆ. ಅಳಲಿಲ್ಲ.

"ಅವರು ಯಾರು ಅಂತ ಕೇಳಬೇಕಿತ್ರಿ" ಎಂದಳು.

"ಕೇಳಬೇಕಿತ್ತು."

"ಮುಚ್ಚಿ ಇಟ್ಟು ಲಗ್ನ ಆಗಾಕಿ ಅಂತ ತಿಳಕೋಬ್ಯಾಡ್ರಿ ನನ್ನ. ಮಾವಶಿ ಮಗಾ ಪ್ರಮೋದಗ ನಾ ಹೇಳಾಕಿ ಇದ್ದೆ. ಈ ರವಿವಾರ ಭೇಟಿ ಆಗೂದಿತ್ತು. ಮ್ಹಣಜೆ, ಅಂದರ... ಹೆಂಗ ಚಾಲೂ ಮಾಡೂದು, ಮೊದಲ ಏನ ಅನ್ನೂದು, ಎಲ್ಲಾ ಮನಸಿನಾಗ ಬರದ ಇಟ್ಟಿದ್ದೆ." ಅವಳು ಸೇತುವೆಯ ಕಂಬಿ ಹಿಡಿದುಕೊಂಡು ಕೆಳಗೆ ನೀರು ನೋಡಿದಳು. "ನನ್ನ ಮಾತು ನೀವು ಆಡಿಬಿಟ್ರಿ, ಮ್ಯಾಡಮ್."

ಆಗ ನಾನು ಆಡಿದ ಮಾತನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. "ನಾನು ಹೋಗಿ ಅವರ ಹತ್ತಿರ ಮಾತಾಡ್ತೀನಿ. ತಪ್ಪಾಯ್ತು, ಇದು ಅರಿಸಿನದ್ದೇ ಇರಬಹುದು, ಇನ್ನೂ ಪರೀಕ್ಷೆ ಆಗಿಲ್ಲ ಅಂತ ಹೇಳ್ತೀನಿ" ಎಂದೆ.

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಬಾಯಿಗೆ ಕೈ ಹೋಗಲಿಲ್ಲ. "ಖರೇ ಹೇಳಿ ಕೆಡಿಸಿದ್ರಿ. ಈಗ ಸುಳ್ಳು ಹೇಳಿ ಸುಧಾರಿಸ್ತೀರೇನ್ರಿ?"

ಮೋಟಾರ್ ಸೈಕಲ್ಲೊಂದು ಹಾರ್ನ್ ಹಾಕಿತು. ನಾವು ದಾರಿ ಬಿಟ್ಟು ನಡೆದೆವು. ಸಾಂಗ್ಲಿಯಿಂದ ಮಿರಜಕ್ಕೆ ಬಸ್ಸಿನಲ್ಲಿ ಅಕ್ಕಪಕ್ಕ ಕೂತರೂ ಮಾತಿರಲಿಲ್ಲ. ಪಕ್ಕದ ಸೀಟಿನ ಮುದುಕರೊಬ್ಬರು ನಮ್ಮನ್ನು ತಾಯಿ ಮಗಳೆಂದು ತಿಳಿದು, ಜಗಳ ಆಡಿದ್ದಾರೇನೋ ಎಂದು ಕಂಡಕ್ಟರನಿಗೆ ಮರಾಠಿಯಲ್ಲಿ ಹೇಳಿದ್ದು ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು.

ಮತ್ತೆ ಆಯಿಯ ಮನೆ

ಬೆಳಿಗ್ಗೆ ಲಾಡ್ಜಿನಿಂದ ಆಯಿಯ ಮನೆಗೆ ಹೋಗಲು ಕಾಲೇಳಲಿಲ್ಲ. ನೇರ ಸ್ಟೇಶನ್ನಿಗೆ ಹೋಗಿಬಿಡೋಣ ಎನಿಸಿತ್ತು. ಆದರೆ ಚೀಲದಲ್ಲಿ ಅವರ ಕೊಳವೆಗಳಿದ್ದವು. ಅವನ್ನು ಇಟ್ಟುಕೊಂಡು ಓಡಿಹೋಗುವುದಕ್ಕಿಂತ ಬೈಸಿಕೊಳ್ಳುವುದು ಮೇಲು.

ಆತ್ಯಾ ಫೋನ್ ಮಾಡಿ ಎಲ್ಲ ಹೇಳಿದ್ದರು. ಅಶ್ವಿನಿಯ ತಂದೆ ನನ್ನನ್ನು ಕಂಡು ಯಂತ್ರದ ಹಿಂದಕ್ಕೆ ಸರಿದರು. ಮೇಲೆ ಆಯಿ ಚಾಪೆಯ ಮೇಲಿದ್ದರು. ಕುಂದ್ರು ಎನ್ನಲಿಲ್ಲ. ನಾನು ನಿಂತುಕೊಂಡೇ ಕೊಳವೆಗಳನ್ನು ಅವರ ಮುಂದೆ ಇಟ್ಟೆ. "ಇವು ನಿಮ್ಮವು ಆಯಿ. ಬೇಡ ಅಂದ್ರೆ ಈಗಲೇ ಚೆಲ್ಲಿಬಿಡ್ತೀನಿ. ನನ್ನಿಂದ ದೊಡ್ಡ ತಪ್ಪಾಯ್ತು" ಎಂದೆ.

ಆಯಿ ಕೊಳವೆಗಳನ್ನು ಮುಟ್ಟಲಿಲ್ಲ. ನನ್ನನ್ನೇ ನೋಡಿ ಕೇಳಿದರು: "ನನಗ ಗೊತ್ತಿಲ್ಲಂತ ತಿಳಕೊಂಡಿದ್ದೇನು ನೀ?"

ನಾನು ಚಾಪೆಯ ಅಂಚಿಗೆ ಸರಿದು ನಿಂತೆ.

"ನನ್ನ ತವರು ಖಂಡೇರಾಜುರಿ. ಹೊಲಾ ಮಾಡೂ ಮಂದಿ. ಅಲ್ಲಿ ಎಲ್ಲಿ ಬರಬೇಕು ಅರಿಷಿಣದ ಧೂಳ? ನಮ್ಮಪ್ಪನ ಹಲ್ಲೂ ಹಿಂಗ ಇದ್ದುವು. ನಾ ಈ ಮನಿಗೆ ಸೊಸಿ ಆಗಿ ಬಂದ ದಿವಸ ಓಣ್ಯಾಗಿನ ಹೆಣಮಕ್ಕಳು ನನ್ನ ಬಾಯಿ ನೋಡಿ ನಕ್ಕರು. ನಮ್ಮ ಅತ್ತಿ ಇದ್ಲಲ್ಲ, ಭಾಳ ಖಡಕ್ ಹೆಂಗಸು, ನನ್ನ ಹೆಗಲ ಮ್ಯಾಲೆ ಕೈ ಇಟ್ಟು ಅಂದ್ಲು: ನಗಬ್ಯಾಡ್ರಿ, ಅರಿಷಿಣದ ಮನಿ ಸೊಸಿ, ಆಗಲೇ ಬಣ್ಣಾ ಹತ್ತೇತಿ." ಆಯಿ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಬಂದ ದಿವಸನ ಬಣ್ಣಾ ಹತ್ತತೈತೇನು? ಆದರ ಆಕಿ ಅಂದಮ್ಯಾಲೆ ಯಾರಿಗೂ ಎದುರಾಡೂ ಧೈರ್ಯ ಇರಲಿಲ್ಲ. ಅವತ್ತಿಂದ ಅದ ಮಾತು ನಡದೈತಿ."

ಎಂಥ ಮುಗ್ಧರು ಎಂದು ನಾನು ಮರುಗಿದ್ದು ಇವರಿಗಾಗಿ. ಅತ್ತೆಯೊಬ್ಬಳು ಸೊಸೆಯ ಮೇಲೆ ಹೊದಿಸಿದ ಹೊದಿಕೆ ಅದು. ಅದನ್ನು ನಾನು ಇನ್ನೊಬ್ಬ ಅತ್ತೆಯ ಎದುರೇ ಎಳೆದು ಹಾಕಿದ್ದೆ, ಭಡಂಗ ಜಗಿಯುತ್ತ. ಬಿಟ್ಟು ಹೋಗಲೂ ಆಗಲಿಲ್ಲ, ಕೂರಲೂ ಆಗಲಿಲ್ಲ.

ಆ ಹೊತ್ತಿಗೆ ಮೆಟ್ಟಿಲ ಮೇಲೆ ಸದ್ದಾಯಿತು. ಸುಮನ ಮಾವಶಿ. ಒಬ್ಬರೇ ಬಂದಿದ್ದರು. ಅಶ್ವಿನಿ ಒಳಗಿಂದ ಬಂದು ತಲೆ ತಗ್ಗಿಸಿ ನಿಂತಳು. ಆಯಿ ಸೆರಗು ಸರಿಮಾಡಿಕೊಂಡರು. ಮಾವಶಿ ನಮಸ್ಕಾರ ಮಾಡಿ ಕೂತು, ನೀರು ಬೇಡ ಎಂದು ಕೈ ಮಾಡಿ, ನೇರವಾಗಿ ನನ್ನ ಕಡೆ ತಿರುಗಿದರು.

"ಡಾಕ್ಟರಬಾಯಿ, ನಿನ್ನೆ ನೀವು ಎಲ್ಲಾ ಹೇಳಿದ್ರಿ. ಒಂದು ಹೇಳಲಿಲ್ಲ. ಈ ಪೋರಿಗೆ ತ್ರಾಸ ಆಗತೈತೇನು? ನೋವು ಇರತೈತೇನು?"

ನಾನು ಬಾಯಿ ತೆರೆದೆ. ಇಂಥ ಹಲ್ಲು ಬಿಸಿಗೂ ತಂಪಿಗೂ ಸೆಳೆಯುತ್ತದೆ ಎಂದು ನನಗೆ ಗೊತ್ತು, ಪುಸ್ತಕದಲ್ಲಿದೆ. ಅಶ್ವಿನಿಯ ಹಲ್ಲುಗಳ ಫೋಟೊ ಎಷ್ಟೋ ಬಗೆಯಲ್ಲಿ ತೆಗೆದಿದ್ದೆ. ಯಾರಿಗೆ ಇದೆ, ಯಾರಿಗಿಲ್ಲ, ಯಾವ ವಯಸ್ಸಿನಲ್ಲಿ ಉದುರಿತು ಎಂದು ಕೇಳಿದ್ದೆ. ನಿನಗೆ ನೋಯುತ್ತದೆಯೇ ಎಂದು ಕೇಳಿರಲಿಲ್ಲ.

"ಅವಳನ್ನೇ ಕೇಳಿ. ನಾನು ಕೇಳಿಲ್ಲ" ಎಂದೆ.

ಮಾವಶಿ ಅವಳತ್ತ ನೋಡಿದರು.

"ತಣ್ಣೀರು ಕುಡ್ಯಾಕ ಬರೂದಿಲ್ರಿ" ಎಂದಳು ಅಶ್ವಿನಿ. "ಚಹಾ ಆರಿಸಿ ಕುಡೀತೇನಿ. ಥಂಡಿಯಾಗ ಬಾಯಿ ತೆರದು ಗಾಡಿ ಮ್ಯಾಲೆ ಹೋದರ ಗಾಳಿ ಬಡದು ಜೀವಾ ಹೋಧಂಗ ಆಗತೈತಿ. ಮಕ್ಕಳಿಗೂ ಬರಬಹುದ್ರಿ. ನಾನ ಹೇಳಾಕಿ ಇದ್ದೆ ನಿಮಗೆ, ಪ್ರಮೋದಗೂ. ತಡಾ ಆತು."

ಮಾವಶಿ ಎದ್ದು ಅವಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. ಬಾಯಿ ತೆರೆ ಎನ್ನಲಿಲ್ಲ. "ಇಷ್ಟು ದಿವಸ ಯಾರಿಗೂ ಅನಲಿಲ್ಲೇನು ನೀ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, "ಮನ್ಯಾಗ ವಿಚಾರ ಮಾಡಿ ಹೇಳ್ತೇವಿ" ಎಂದು ಆಯಿಗೆ ಕೈಮುಗಿದು ಹೋದರು.

ಅವರು ಹೋದ ಮೇಲೆ ಅಶ್ವಿನಿ ನನ್ನ ಚೀಲದಿಂದ ತಾನೇ ಒಂದು ಖಾಲಿ ಕೊಳವೆ ತೆಗೆದುಕೊಂಡಳು. ಹಿರಿಯರದು ಮೊದಲಾಗಲಿ ಎಂದು ಅವಳ ಮಾದರಿಯನ್ನು ನಾನಿನ್ನೂ ತೆಗೆದುಕೊಂಡಿರಲಿಲ್ಲ. ಬೇಡ ಎನ್ನಲು ಹೋದೆ.

"ನಿಮ್ಮ ಸಲುವಾಗಿ ಅಲ್ರಿ" ಎಂದಳು. "ಮುಂದ ಹುಟ್ಟಾವ್ರಿಗೆ ಔಷಧಾ ಸಿಕ್ಕರ ಸಿಗಲಿ."

ಔಷಧ ಇಷ್ಟು ಬೇಗ ಸಿಗುವುದಿಲ್ಲ, ಜೀನಿನ ತಪ್ಪು ಸಿಕ್ಕರೆ ಹುಟ್ಟಿದ ಮಗುವಿನ ಹಲ್ಲನ್ನು ಮೊದಲಿನಿಂದಲೇ ಕಾಪಾಡಿಕೊಳ್ಳಬಹುದು ಅಷ್ಟೆ ಎಂದು ಹೇಳಿದೆ. ಸುಳ್ಳು ಆಸೆ ಹುಟ್ಟಿಸುವ ತಪ್ಪೊಂದನ್ನಾದರೂ ಮಾಡಬಾರದೆಂದು. ಅವಳು ತಲೆಯಾಡಿಸಿ ಹಿತ್ತಿಲಿಗೆ ಹೋದಳು. ಆಯಿ ತಮ್ಮ ಮುಂದಿದ್ದ ಕೊಳವೆಗಳನ್ನು ಒಂದೊಂದಾಗಿ ನನ್ನ ಕಡೆ ಉರುಳಿಸಿದರು. ಕ್ಷಮಿಸಿದೆ ಎನ್ನಲಿಲ್ಲ. ಹೊರಡುವಾಗ ಮೆಟ್ಟಿಲ ತನಕ ಬಂದು, "ನೋಡಿ ಇಳಿ, ಜಾರತೈತಿ" ಎಂದರು.

ಮೈಸೂರು

ಮಳೆಗಾಲ ಮುಗಿಯುವ ಹೊತ್ತಿಗೆ ಪರೀಕ್ಷೆಯ ಉತ್ತರ ಬಂತು. ನಾವು ಊಹಿಸಿದ್ದೇ ಆಗಿತ್ತು: ಹಲ್ಲಿನ ಕವಚ ಕಟ್ಟುವ ಒಂದು ಜೀನಿನಲ್ಲಿ ಒಂದೇ ಒಂದು ಅಕ್ಷರ ತಪ್ಪಿತ್ತು. ಆಯಿಯಲ್ಲಿ, ಅವರ ಮಗ ಮತ್ತು ಮಗಳಲ್ಲಿ, ಅಶ್ವಿನಿಯಲ್ಲಿ, ಎಲ್ಲರಲ್ಲೂ ಅದೇ ಜಾಗದಲ್ಲಿ. ಸಹೋದ್ಯೋಗಿಗಳು ಅಭಿನಂದಿಸಿದರು. ಆ ದಿನ ನಾನು ಮಧ್ಯಾಹ್ನದ ಊಟ ಬಿಟ್ಟು ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದೆ, ಫೋನ್ ಕೈಯಲ್ಲಿ ಹಿಡಿದು.

ಈ ಸಲ ಅಶ್ವಿನಿಗೆ ಮಾತ್ರ ಹೇಳಿದೆ. ಹೇಳುವ ಮೊದಲು, ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. ಅವಳು ನಕ್ಕಳು. ಲಗ್ನದ ವಿಷಯವನ್ನು ನಾನು ಎತ್ತಲಿಲ್ಲ, ಅವಳೇ ಹೇಳಿದಳು. ಮುರಿದಿತ್ತು. ಮುರಿದವರು ಮಾವಶಿಯಲ್ಲ. ಆಕೆ ಒಪ್ಪಿದ್ದರಂತೆ, ಮಗನೇ ಒಪ್ಪಲಿಲ್ಲ. ಅಶ್ವಿನಿಯೇ ಮೊದಲು ಹೇಳಿದ್ದರೆ ಒಪ್ಪುತ್ತಿದ್ದನೋ ಏನೋ. ಅದನ್ನು ಅವಳು ಅನ್ನಲಿಲ್ಲ. ನನ್ನೊಳಗೆ ಮಾತ್ರ ಆ ಪ್ರಶ್ನೆ ಈಗಲೂ ಮುಗಿದಿಲ್ಲ. "ಮಾವಶಿ ಈಗೂ ಫೋನ್ ಮಾಡ್ತಾರ್ರಿ. ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡ್ಯಾ ಅಂತ ಕೇಳ್ತಾರ" ಎಂದಳು. ನಮ್ಮ ಕಾಲೇಜಿಗೆ ಬಾ, ನಾನೇ ಹಾಕುತ್ತೇನೆ ಎಂದೆ. ವಿಚಾರ ಮಾಡುತ್ತೇನೆ ಎಂದಳು. ಬರಲೇಬೇಕೆಂದು ಒತ್ತಾಯಿಸುವ ಅಧಿಕಾರ ನನಗಿರಲಿಲ್ಲ.

"ಆಯಿಗೆ ನಾನು ಹೇಳಲಾ?" ಎಂದು ಕೇಳಿದೆ.

"ಬ್ಯಾಡ್ರಿ. ನಾ ಹೇಳ್ತೇನಿ. ನೀವು ಬರೇ ಕೇಳ್ರಿ" ಎಂದು ಕಾಲ್ ಕಡಿಯದೆ ಫೋನನ್ನು ಕೆಳಗಿಟ್ಟಳು. ಮಿರಜದ ಆ ಮೇಲಂತಸ್ತಿನ ಸದ್ದು ಕೇಳಿಸಿತು, ಕೆಳಗೆ ಯಂತ್ರ ಬೀಸುತ್ತಿತ್ತು. ಅಶ್ವಿನಿ ಕನ್ನಡದಲ್ಲಿ ಶುರುಮಾಡಿ, ನಡುವೆ ಪದ ಸಿಗದೆ ಮರಾಠಿಗೆ ಹೋಗಿ, ಮತ್ತೆ ಕನ್ನಡಕ್ಕೆ ಬಂದು, ನಿಧಾನವಾಗಿ ಎಲ್ಲ ಹೇಳಿದಳು. ಕೊನೆಗೆ, "ನಿನ್ನ ಕಡಿಂದ ಬಂದೈತಿ ಆಯಿ, ನಿಮ್ಮ ಅಪ್ಪನ ಕಡಿಂದ" ಎಂದಳು.

ಯಂತ್ರದ ಸದ್ದಿನ ನಡುವೆ ಮಾತು ತಪ್ಪಿಹೋಗದಿರಲೆಂದು ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ.

"ಬರಲಿ ಬಿಡು" ಎಂದರು ಆಯಿ. "ನಿನ್ನ ಮೂಗೂ ನನ್ನ ಕಡಿಂದ ಬಂದೈತಿ. ಅದನ್ನ ಕೇಳಾಕ ಯಾರೂ ಬರಲಿಲ್ಲ."